ಫೋನ್ ಕಳೆಯುವ ಮುಂಚೆಯೇ ಸಿಮ್‌ಗೊಂದು ಬೀಗ

ಮೊಬೈಲ್ ರಿಪೇರಿ ನನ್ನ ಕೆಲಸ. ಫೋನ್ ಕಳೆದುಕೊಂಡು ಬರುವವರು ಹೆಚ್ಚಾಗಿ ಹೇಳುವುದು, "ಲಾಕ್ ಇತ್ತು ಬಿಡಿ, ಯಾರೂ ತೆಗೆಯೋಕಾಗಲ್ಲ." ಆ ಲಾಕ್ ಇರೋದು ಫೋನಿಗೆ. ಸಿಮ್ ಟ್ರೇ ಹೊರಗೆಳೆಯಲು ಒಂದು ಗುಂಡುಸೂಜಿ ಸಾಕು. ಆ ಸಿಮ್ಮನ್ನು ಬೇರೆ ಫೋನಿಗೆ ಹಾಕಿ 'ಪಾಸ್‌ವರ್ಡ್ ಮರೆತಿದೆ' ಅಂತ ಒತ್ತಿದರೆ ಒಟಿಪಿ ನೇರವಾಗಿ ಕಳ್ಳನ ಕೈಗೇ ಬರುತ್ತೆ.

ಹಾಗಾಗಿ ಮೊದಲು ಸಿಮ್ ಪಿನ್ ಹಾಕಿ. ಇದು ಸಿಮ್ಮಿಗೇ ಹಾಕುವ ಗುಟ್ಟಿನ ಸಂಖ್ಯೆ, ಬೇರೆ ಫೋನಿಗೆ ಹಾಕಿದರೂ ಇದನ್ನು ಕೇಳುತ್ತೆ. ಸೆಟ್ಟಿಂಗ್ಸ್‌ನಲ್ಲಿ ಮೇಲಿರುವ ಹುಡುಕುವ ಜಾಗದಲ್ಲಿ 'ಸಿಮ್ ಲಾಕ್' ಅಥವಾ 'ಸಿಮ್ ಪಿನ್' ಅಂತ ಟೈಪ್ ಮಾಡಿ. ಪ್ರತಿ ಕಂಪನಿಯವರೂ ಅದನ್ನು ಒಂದೊಂದು ಮೂಲೆಯಲ್ಲಿ ಬಚ್ಚಿಟ್ಟಿರುತ್ತಾರೆ. ಆನ್ ಮಾಡಿದ ಕೂಡಲೇ ಹಳೆಯ ಪಿನ್ ಕೇಳುತ್ತದೆ. ಅದು ಸಿಮ್ ಕಂಪನಿಯೇ ಇಟ್ಟದ್ದು. ಗೊತ್ತಿಲ್ಲದಿದ್ದರೆ ದಯವಿಟ್ಟು ಊಹಿಸಬೇಡಿ, ಕಂಪನಿಯವರನ್ನೇ ಕೇಳಿ. 3 ಸಲ ತಪ್ಪಿದರೆ ಸಿಮ್ ಲಾಕ್ ಆಗಿ, ಅದನ್ನು ಬಿಡಿಸುವ 8 ಅಂಕಿಯ ಪಿಯುಕೆ ಕೋಡ್ ಕೇಳುತ್ತೆ. ಅದನ್ನೂ 10 ಸಲ ತಪ್ಪಾಗಿ ಒತ್ತಿದರೆ ಆ ಸಿಮ್ ಕಥೆ ಮುಗಿಯಿತು, ಹೊಸದೇ ಬೇಕು. ಹಳೆಯ ಪಿನ್ ಹೊಡೆದ ಮೇಲೆ ನಿಮ್ಮದೇ ಪಿನ್‌ಗೆ ಬದಲಾಯಿಸಿ, ಹುಟ್ಟಿದ ಇಸವಿ ಮಾತ್ರ ಬೇಡ. ಫೋನ್ ಆಫ್ ಮಾಡಿ ಆನ್ ಮಾಡಿ. ಪಿನ್ ಕೇಳಿದರೆ ಕೆಲಸ ಆಯ್ತು.

ಒಂದು ಕಿರಿಕಿರಿ ಇದೆ. ರಾತ್ರಿ ಅಪ್‌ಡೇಟ್ ಆಗಿ ಫೋನ್ ತಾನೇ ರೀಸ್ಟಾರ್ಟ್ ಆದರೆ ಪಿನ್ ಹಾಕುವ ತನಕ ಕರೆ ಬರಲ್ಲ. ಮನೆಯಲ್ಲಿ ಕಾಯಿಲೆಯವರಿದ್ದರೆ ತಾನಾಗಿ ಅಪ್‌ಡೇಟ್ ಆಗುವುದನ್ನು ನಿಲ್ಲಿಸಿಡಿ.

ಲಾಕ್ ಸ್ಕ್ರೀನ್ ಮೇಲೆ ಮೆಸೇಜಿನ ಒಳಗಿನ ಮಾತು ಕಾಣದಂತೆ ಮಾಡಿ. ಇಲ್ಲದಿದ್ದರೆ ಸಿಮ್ ತೆಗೆಯುವ ಕಷ್ಟವೂ ಬೇಡ, ಒಟಿಪಿ ಅಲ್ಲೇ ಕಾಣುತ್ತೆ. *#06# ಒತ್ತಿದರೆ ಬರುವ 15 ಅಂಕಿಯ ಐಎಂಇಐ ನಂಬರನ್ನು (ಫೋನಿನ ಗುರುತಿನ ಸಂಖ್ಯೆ) ಕಾಗದದಲ್ಲಿ ಬರೆದಿಡಿ. ದೂರು ಕೊಡಲು, ಫೋನನ್ನೇ ಬ್ಲಾಕ್ ಮಾಡಿಸಲು ಅದೇ ಬೇಕು. ಎರಡು ಸಿಮ್ಮಿನ ಫೋನಾದರೆ ಸಾಮಾನ್ಯವಾಗಿ ಎರಡು ನಂಬರು ಇರುತ್ತವೆ, ಎರಡನ್ನೂ ಬರೆಯಿರಿ.

ಹೆಚ್ಚಿನವರು ಸಿಕ್ಕಿಬೀಳುವುದು ಇಲ್ಲಿ: ಕಳೆದ ಫೋನ್ ಹುಡುಕಲು ಇನ್ನೊಬ್ಬರ ಫೋನಿನಲ್ಲಿ ಗೂಗಲ್‌ಗೆ ಲಾಗಿನ್ ಆಗಲು ಹೋಗುತ್ತಾರೆ. ಎರಡು ಹಂತದ ಪರಿಶೀಲನೆ (ಪಾಸ್‌ವರ್ಡ್ ಆದಮೇಲೆ ಕೋಡನ್ನೂ ಕೇಳುವುದು) ಇದ್ದರೆ ಗೂಗಲ್ ಕೋಡ್ ಕಳಿಸುವುದು ಆ ಕಳೆದ ಫೋನಿಗೇ! ಅದಕ್ಕೇ ಗೂಗಲ್ ಖಾತೆಯ ಸೆಕ್ಯುರಿಟಿ ಪುಟದಿಂದ ಬ್ಯಾಕಪ್ ಕೋಡ್‌ಗಳನ್ನು, ಅಂದರೆ ಫೋನ್ ಕೈಯಲ್ಲಿ ಇಲ್ಲದಾಗ ಹಾಕುವ ಕೋಡ್‌ಗಳನ್ನು, ಇವತ್ತೇ ಮುದ್ರಿಸಿಕೊಳ್ಳಿ. ಒಟ್ಟು 10 ಇರುತ್ತವೆ, ಒಂದೊಂದೂ ಒಂದೇ ಸಲ ನಡೆಯುವುದು. ಫೋನ್ ಕವರಿನ ಹಿಂದೆ ಇಡುವವರನ್ನೂ ನೋಡಿದ್ದೇನೆ, ಬೀರುವಿನಲ್ಲಿಡಿ ಮಾರಾಯ್ರೆ. ಐಫೋನಿನವರಿಗೆ ಈ ತಾಪತ್ರಯ ಕಡಿಮೆ: ಐಕ್ಲೌಡ್ ಸೈಟಿನಲ್ಲಿ ಫೋನ್ ಹುಡುಕುವ ಪುಟಕ್ಕೆ ಪಾಸ್‌ವರ್ಡ್ ಒಂದೇ ಸಾಕು.

ಫೋನ್ ಹೋಯಿತು ಅನ್ನಿ. ಸಿಮ್ ಪಿನ್ ಇದ್ದರೆ ಮೊದಲು ಗೂಗಲ್ ಅಥವಾ ಐಕ್ಲೌಡ್‌ನ ಫೋನ್ ಹುಡುಕುವ ಪುಟದಿಂದ ಫೋನನ್ನು ದೂರದಿಂದಲೇ ಲಾಕ್ ಮಾಡಿ, ಆಮೇಲೆ ಸಿಮ್ ಬ್ಲಾಕ್ ಮಾಡಿಸಿ. ಸಿಮ್ ಮೊದಲೇ ಸತ್ತರೆ ಇಂಟರ್ನೆಟ್ಟೂ ಹೋಗುತ್ತೆ, ನಿಮ್ಮ ಲಾಕ್ ಆದೇಶ ಫೋನಿಗೆ ತಲುಪದೆಯೇ ಹೋಗಬಹುದು. ಸಿಮ್ ಪಿನ್ ಇಲ್ಲದವರು ತಡಮಾಡದೆ ಮೊದಲು ಸಿಮ್ ಬ್ಲಾಕ್ ಮಾಡಿಸಿ.