ಪಾಲಕರನ್ನ ಬೇರೆ ಕೋಣೆಗೆ ಕೂಡಿಸಿದ ಮೇಲೆ ಕ್ಲಾಸು ಕುದುರಿತು

ಕಲಬುರಗಿಯಲ್ಲಿ ಐತವಾರದ ಕ್ಲಾಸು ಅಂದರೆ ಟ್ಯೂಷನ್ ಅಂತಲೇ ಲೆಕ್ಕ. ನಾವು ಆರು-ಏಳನೇ ತರಗತಿ ಮಕ್ಕಳಿಗೆ ಗಣಿತದ ಕ್ಲಾಸು ತೆಗೆದು, ಸಿಲಬಸ್ ಇಲ್ಲ, ಟೆಸ್ಟ್ ಇಲ್ಲ, ಮೇಲಾಗಿ ತಂದೆ-ತಾಯಿನೂ ಬರಬೇಕು ಅಂದಾಗ ಕೋಚಿಂಗ್ ನಡೆಸೋ ಗೆಳೆಯರು “ಮೂರು ವಾರ ನಡೆದರೆ ಹೆಚ್ಚು” ಅಂದಿದ್ದರು. ಈಗ ಎರಡನೇ ವರ್ಷ. ಸೀಟು ಹನ್ನೆರಡು, ಕಾಯೋರ ಪಟ್ಟಿ ಅದಕ್ಕಿಂತ ಉದ್ದ.

ಮೊದಲ ಬ್ಯಾಚು ಕೆಟ್ಟಿದ್ದು ಆಯ್ಕೆಯಲ್ಲಿ. ಆರು-ಏಳನೇ ತರಗತಿಯಲ್ಲಿ ನೂರಕ್ಕೆ 95 ದಾಟಿದ ಮೂವತ್ತು ಮಕ್ಕಳನ್ನ ಪುಕ್ಕಟೆ ತಗೊಂಡೆವು. ದಾರಿ ಗೊತ್ತಿಲ್ಲದ ಲೆಕ್ಕ ಕೊಟ್ಟರೆ ಅರ್ಧಕ್ಕರ್ಧ ಮಂದಿ ಪೆನ್ ಕೆಳಗಿಟ್ಟು “ಯಾವ ಸೂತ್ರ ಸರ್?” ಅಂತಿದ್ದರು. ನಾಲ್ಕನೇ ವಾರಕ್ಕೆ ಉಳಿದವರು ಹನ್ನೊಂದು. ಈಗ ಅಂಕಪಟ್ಟಿ ನೋಡೋದೇ ಇಲ್ಲ. ನಲವತ್ತು ನಿಮಿಷ, ಒಂದೇ ಪ್ರಶ್ನೆ. ಮೊದಲ ಪ್ರಯತ್ನ ಕೈಕೊಟ್ಟ ಮೇಲೆ ಎರಡನೆಯದನ್ನ ಹೇಗೆ ಶುರು ಮಾಡ್ತಾರೆ ಅನ್ನೋದಷ್ಟೇ ನೋಡ್ತೀವಿ. ಪ್ರಶ್ನೆ ಕನ್ನಡ, ಉರ್ದು, ಇಂಗ್ಲಿಷ್ ಮೂರರಲ್ಲೂ ಇರಲಿ. ಭಾಷೆಯಲ್ಲಿ ಎಡವಿದ ಮಗು ಗಣಿತದಲ್ಲಿ ಎಡವಿದಂಗೆ ಕಾಣ್ತದೆ. ಆ ಪ್ರಶ್ನೆ ಮಾತ್ರ ಇಲ್ಲಿ ಬರೆಯಲ್ಲ. ಬರೆದರೆ ಮುಂದಿನ ಸಲ ಪಾಲಕರೇ ಬಾಯಿಪಾಠ ಮಾಡಿಸಿ ಕರ್ಕೊಂಡು ಬರ್ತಾರೆ.

ಪಾಲಕರ ವಿಷಯದಲ್ಲಿ ಎರಡು ಸಲ ಸೋತೆವು. ಹೊರಗೆ ಕೂಡಿಸಿದರೆ ಮೊಬೈಲ್ ನೋಡ್ತಾ ಕೂತರು. ಮಕ್ಕಳ ಹಿಂದೆ ಕೂಡಿಸಿದರೆ ಕಿವಿಯಲ್ಲಿ ಉತ್ತರ ಊದಿದರು. ಕೊನೆಗೆ ಕ್ಲಾಸಿನಲ್ಲಿ ಮಕ್ಕಳಿಗೆ ಕೊಟ್ಟ ಪ್ರಶ್ನೆಯನ್ನೇ ಕೊಟ್ಟು ಬೇರೆ ಕೋಣೆಗೆ ಹಾಕಿದೆವು, 45 ನಿಮಿಷ. ಆಮೇಲೆ ಎಲ್ಲರೂ ಒಂದೇ ಕಡೆ, ಮೊದಲು ಬೋರ್ಡಿಗೆ ಬರೋದು ಪಾಲಕರು, ಅದೂ ತಪ್ಪಿದ ಪ್ರಯತ್ನ ತೋರಿಸೋಕೆ. ಅಪ್ಪ ಬೋರ್ಡ್ ಮುಂದೆ ತಡವರಿಸೋದನ್ನ ಕಂಡ ಮಗು ಮುಂದಿನ ವಾರದಿಂದ ತಪ್ಪು ಬರೆಯೋಕೆ ಅಂಜೋದಿಲ್ಲ. ಪಾಲಕರೂ ಮನೆಯಲ್ಲಿ “ಇಷ್ಟೂ ಬರೋದಿಲ್ಲೇನು” ಅನ್ನೋದು ಬಿಟ್ಟರು.

ಹೆಚ್ಚು ಕಲಿಸಿದ್ದು ನೆರಳಿನ ಪಾಠ. ಒಂದು ಮೀಟರ್ ಕೋಲಿನ ನೆರಳನ್ನ ಇಲ್ಲೂ ಬೆಂಗಳೂರಲ್ಲೂ ಅಳೆದು ಭೂಮಿಯ ಸುತ್ತಳತೆ ತೆಗೆಯೋದು. ನೆರಳಿನಿಂದ ಎರಡೂ ಕಡೆ ಸೂರ್ಯನ ಕೋನ ತೆಗೀತೀವಿ; ಆ ಕೋನಗಳ ವ್ಯತ್ಯಾಸ 360 ಡಿಗ್ರಿಯಲ್ಲಿ ಎಷ್ಟು ಪಾಲೋ, ಎರಡೂರ ಅಂತರ ಸುತ್ತಳತೆಯಲ್ಲಿ ಅಷ್ಟೇ ಪಾಲು. ಎರಡೂರಿಗೆ ಉತ್ತರ-ದಕ್ಷಿಣ ಅಂತರ ಸುಮಾರು 480 ಕಿ.ಮೀ. ಮೊದಲ ಸಲ, ಫೆಬ್ರವರಿಯಲ್ಲಿ, ಇಲ್ಲಿ ಗಡಿಯಾರ ನೋಡಿ 12ಕ್ಕೇ ಅಳೆದೆವು: 62 ಸೆಂ.ಮೀ. ಬೆಂಗಳೂರಿನವರು ಅತಿ ಗಿಡ್ಡ ನೆರಳಿಗೆ ಕಾದು ಅಳೆದಿದ್ದರು. ಉತ್ತರ 30 ಸಾವಿರ ಕಿ.ಮೀ., ಇರಬೇಕಾದ್ದು 40 ಸಾವಿರ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ಕಲಬುರಗಿ ಇರೋದು 76.8ರ ಹತ್ತಿರ, ಅದಕ್ಕೇ ಇಲ್ಲಿ ನಡುಮಧ್ಯಾಹ್ನ 23 ನಿಮಿಷ ತಡ. ಫೆಬ್ರವರಿಯಲ್ಲಿ ಸೂರ್ಯನೇ ಇನ್ನೊಂದು 14 ನಿಮಿಷ ಹಿಂದೆ ಇರ್ತಾನೆ. ಅಂದರೆ ನಡುಮಧ್ಯಾಹ್ನ 12:37ಕ್ಕೆ. 12:20ರಿಂದ 12:55ರ ತನಕ ಐದೈದು ನಿಮಿಷಕ್ಕೆ ಗುರುತು ಹಾಕಿಸಿ, ಅತಿ ಗಿಡ್ಡದ್ದನ್ನ ತಗೊಳ್ಳಿ. ಕೋಲು ಗೌಂಡಿಯ ತೂಗುಗುಂಡಿಗೆ ಹಿಡಿದು ನಿಲ್ಲಿಸಿ. ಎರಡೂರ ನೆರಳಿನ ಕೋನದ ವ್ಯತ್ಯಾಸವೇ ನಾಲ್ಕೂ ಚಿಲ್ಲರೆ ಡಿಗ್ರಿ, ಕೋಲು ಒಂದು ಡಿಗ್ರಿ ವಾಲಿದರೆ ಕಾಲು ಭಾಗ ಹೋಯ್ತು. ಮರುವಾರ 41 ಸಾವಿರ ಬಂತು. ಚಪ್ಪಾಳೆ ಜೋರಾಗಿ ತಟ್ಟಿದ್ದು ಪಾಲಕರೇ. ಮೇ ತಿಂಗಳಲ್ಲಿ ಇದಕ್ಕೆ ಕೈ ಹಾಕಬೇಡಿ: ಎರಡನೇ ವಾರದ ಹೊತ್ತಿಗೆ ನೆರಳು ಕಾಲಡಿಯಲ್ಲೇ ಮಾಯ, ಬಿಸಿಲಲ್ಲಿ ಮಕ್ಕಳೂ ನಿಲ್ಲೋದಿಲ್ಲ.

ಮಗ್ಗುಲಲ್ಲಿ ಇನ್ನೊಂದು ಆಟ. ಅರ್ಧ ಕಿಲೋ ಇಡಿ ತೊಗರಿ, 200 ಕಾಳಿಗೆ ಸ್ಕೆಚ್ ಪೆನ್ನಿನ ಬಣ್ಣ, ಕಲಸಿ ಒಂದು ಬಟ್ಟಲು ತೆಗೆದು ಎಣಿಸೋದು. 250ರಲ್ಲಿ ಹತ್ತು ಬಣ್ಣದ್ದು ಸಿಕ್ಕರೆ, ಅಂದರೆ 25ಕ್ಕೊಂದು, 200 ಬಣ್ಣದ್ದಕ್ಕೆ ಒಟ್ಟು ಕಾಳು ಸುಮಾರು 5,000. ಎಣ್ಣೆ ಪೇಂಟ್ ಹಾಕಿದಾಗ ಕಾಳು ಗಂಟುಗಂಟಾಗಿ ಅಂಟಿ ಉತ್ತರ ಎಲ್ಲೋ ಹೋಗಿತ್ತು. ಕೆರೆಯ ಮೀನನ್ನೂ ಹಿಂಗೇ ಲೆಕ್ಕ ಹಾಕ್ತಾರೆ ಅಂದರೆ ಮಕ್ಕಳು ನಂಬೋದಿಲ್ಲ, ಮತ್ತೆ ಎಣಿಸ್ತಾರೆ. ನಮಗೆ ಬೇಕಾದ್ದೂ ಅದೇ.

ದುಡ್ಡಿನ ಮಾತು. ಪುಕ್ಕಟೆ ಇದ್ದಾಗ ಮಳೆ ಬಂದರೂ ರಜೆ, ಮದುವೆ ಬಂದರೂ ರಜೆ. ತಿಂಗಳಿಗೆ 500 ಇಟ್ಟ ಮೇಲೆ ಹಾಜರಿ ಗಟ್ಟಿಯಾಯ್ತು. ಹನ್ನೆರಡು ಮಕ್ಕಳಿಂದ 6,000. ಎರಡು ಕೋಣೆ ಬಾಡಿಗೆ 2,400, ಸಾಮಾನು-ಜೆರಾಕ್ಸ್ 1,500ರ ಹತ್ತಿರ, ಚಹಾ-ಸುಸಲಾ 800, ಪಾಲಕರ ಕೋಣೆ ನೋಡ್ಕೊಳ್ಳೋ ಬಿ.ಎಡ್. ಹುಡುಗಿಗೆ 1,000. ಉಳಿದ 300 ಮುಂದಿನ ತಿಂಗಳ ತೊಗರಿಗೆ.