ಘಾತಾಂಕ ಕಲಿಸುವ ಮೊದಲು ಕವಲು ಬಿಡಿಸಿ

ಏಳನೇ ತರಗತಿಯ ಮಗುವಿನ ಮುಂದೆ 2³ ಎಂದು ಬರೆದು ಬೆಲೆ ಕೇಳಿ. ಬಹಳಷ್ಟು ಮಕ್ಕಳು ತಡವರಿಸದೆ ‘ಆರು’ ಎನ್ನುತ್ತಾರೆ. ತಿದ್ದಿದರೆ ಆ ದಿನಕ್ಕೆ ಎಂಟಾಗುತ್ತದೆ, ಮುಂದಿನ ಕಿರುಪರೀಕ್ಷೆಯಲ್ಲಿ ಮತ್ತೆ ಆರು. ಮೇಲೆ ಕುಳಿತ ಆ ಪುಟ್ಟ ಅಂಕಿ, ಅಂದರೆ ಘಾತಾಂಕ, ಏನನ್ನು ಎಣಿಸುತ್ತಿದೆ ಎಂಬುದು ಮಗುವಿನ ಕಣ್ಣಿಗೆ ಬಿದ್ದೇ ಇಲ್ಲ. ಹೇಳಿ ಹೇಳಿ ಅದು ತಲೆಗೆ ಹೋಗುವುದಿಲ್ಲ, ಬಿಡಿಸಿ ತೋರಿಸಬೇಕು.

ಬೇಕಾಗುವುದು ಒಂದು ಚೌಕುಳಿ ಪುಸ್ತಕ, ಎರಡು ಬಣ್ಣದ ಪೆನ್ಸಿಲ್ ಮತ್ತು ಒಂದಿಷ್ಟು ಹಳೆಯ ದಿನಪತ್ರಿಕೆ. ಅಂಗಡಿಯಲ್ಲಿ ಸಿಗುವ ‘ಘಾತಾಂಕದ ನಿಯಮಗಳು’ ಚಾರ್ಟ್ ತಂದು ಗೋಡೆಗೆ ಅಂಟಿಸಬೇಡಿ. ಅದರಲ್ಲಿ ಇರುವುದು ಚಿತ್ರವಲ್ಲ, ಬಣ್ಣ ಬಳಿದ ಸೂತ್ರ.

1. ಮೊದಲ ಉದಾಹರಣೆಯನ್ನು ಎಚ್ಚರದಿಂದ ಆರಿಸಿ

2² ಇಂದ ಎಂದಿಗೂ ಆರಂಭಿಸಬೇಡಿ. 2×2 ಕೂಡ ನಾಲ್ಕು, 2² ಕೂಡ ನಾಲ್ಕು. ಕೆಳಗಿನ ದೊಡ್ಡ ಅಂಕಿಯಾದ ಆಧಾರ ಸಂಖ್ಯೆಯನ್ನೂ ಘಾತಾಂಕವನ್ನೂ ಗುಣಿಸಿದರಾಯಿತು ಎಂಬ ತಪ್ಪು ನಿಯಮಕ್ಕೆ ಮೊದಲ ದಿನವೇ ಸರಿ ಉತ್ತರ ಸಿಕ್ಕಿಬಿಟ್ಟರೆ ಅದನ್ನು ಕೀಳುವುದು ಕಷ್ಟ. 2³ ಇಂದ ಹೊರಡಿ.

2. ಕವಲು ಚಿತ್ರ

ಎಡವುವುದು ಇಲ್ಲಿಯೇ, ಆದ್ದರಿಂದ ಒಂದು ಇಡೀ ಅವಧಿ ಇದಕ್ಕೇ ಇರಲಿ. ಹಾಳೆಯನ್ನು ಅಡ್ಡ ಇಟ್ಟು ಮೇಲೆ ನಡುವೆ ಒಂದು ಚುಕ್ಕಿ ಇಡಿಸಿ. ಅದರಿಂದ ಕೆಳಗೆ ಎರಡು ಗೆರೆ, ಗೆರೆಯ ತುದಿಗೆ ಒಂದೊಂದು ಚುಕ್ಕಿ. ಪ್ರತಿ ಚುಕ್ಕಿಯಿಂದಲೂ ಮತ್ತೆ ಎರಡೆರಡು ಗೆರೆ. ಹೀಗೆ ಮೂರು ಮಟ್ಟ ಇಳಿದಾಗ ತುದಿಯಲ್ಲಿ ಎಂಟು ಚುಕ್ಕಿಗಳಿರುತ್ತವೆ.

ಈಗ ಪ್ರಶ್ನೆ ಕೇಳಿ. ಪ್ರತಿ ಚುಕ್ಕಿ ಎಷ್ಟಾಗಿ ಒಡೆಯಿತು? ಎರಡು, ಅದು ಆಧಾರ ಸಂಖ್ಯೆ. ಎಷ್ಟು ಮಟ್ಟ ಇಳಿದೆವು? ಮೂರು, ಅದು ಘಾತಾಂಕ. ಕೊನೆಯಲ್ಲಿ ಎಷ್ಟು ಚುಕ್ಕಿ? ಎಂಟು, ಅದು ಬೆಲೆ. ಮಟ್ಟಗಳನ್ನು ಅಂಚಿನಲ್ಲಿ ಕೆಂಪು ಪೆನ್ಸಿಲಿನಲ್ಲಿ 1, 2, 3 ಎಂದು ಗುರುತಿಸಿ, 2³ ಬರೆಯುವಾಗ ಮೇಲಿನ ಮೂರನ್ನೂ ಅದೇ ಕೆಂಪಿನಲ್ಲಿ ಬರೆಸಿ. ಅಂಕಿ ಪುಟ್ಟದಾಗಿಯೂ ಎತ್ತರದಲ್ಲಿಯೂ ಇರಬೇಕು, ಇಲ್ಲವಾದರೆ ಮರುದಿನ ಅದನ್ನೇ ಇಪ್ಪತ್ತಮೂರು ಎಂದು ಓದುತ್ತಾರೆ.

ಪಕ್ಕದಲ್ಲೇ 3² ಬಿಡಿಸಿ. ಮೂರು ಮೂರಾಗಿ ಒಡೆಯುತ್ತದೆ, ಎರಡೇ ಮಟ್ಟ, ತುದಿಯಲ್ಲಿ ಒಂಬತ್ತು. 2³ ಮತ್ತು 3² ಏಕೆ ಬೇರೆ ಎಂಬುದಕ್ಕೆ ಇನ್ನು ವಿವರಣೆ ಬೇಕಿಲ್ಲ.

ಕರಿಹಲಗೆಯ ಮೇಲೆ ಬಿಡಿಸುವ ಶಿಕ್ಷಕರಿಗೆ ಜಾಗ ಸಾಲದು ಎಂಬ ತೊಂದರೆ ಇದ್ದೇ ಇರುತ್ತದೆ. 3⁴ ಬಿಡಿಸಲು ಹೋದರೆ ಕೊನೆಯ ಸಾಲಿಗೆ 81 ಚುಕ್ಕಿ ಬೇಕು. 3³ ಇಪ್ಪತ್ತೇಳಕ್ಕೆ ನಿಲ್ಲಿಸಿ. ಇನ್ನೊಂದು ಉಪಾಯವೆಂದರೆ, ಕೆಳಗಿನ ಸಾಲಿನ ಚುಕ್ಕಿಗಳನ್ನು ಸಮದೂರದಲ್ಲಿ ಮೊದಲೇ ಇಟ್ಟುಕೊಳ್ಳುವುದು. ಮಕ್ಕಳು ಮಾತ್ರ ಮೇಲಿನಿಂದಲೇ ಬಿಡಿಸಬೇಕು. ಮೊಬೈಲ್ ವಿಡಿಯೊದಲ್ಲಿ ಕವಲುಗಳು ತಾವಾಗಿ ಅರಳುವುದನ್ನು ತೋರಿಸಿ ಮುಗಿಸಬೇಡಿ. ನಾಲ್ಕನೆಯ ಮಟ್ಟದಲ್ಲಿ ಗೆರೆಗಳು ಇಕ್ಕಟ್ಟಾಗಿ ಕೈ ಸೋತಾಗಲೇ ದ್ವಿಗುಣವಾಗುವ ವೇಗ ಮಗುವಿಗೆ ತಿಳಿಯುವುದು.

3. ಅದೇ ಚಿತ್ರದಿಂದ ನಿಯಮಗಳು

2³ × 2² ಕೊಟ್ಟರೆ ಮಕ್ಕಳು 2⁶ ಎಂದೋ 4⁵ ಎಂದೋ ಬರೆಯುತ್ತಾರೆ. ಎಂಟು ತುದಿಗಳಿಂದಲೂ ಇನ್ನೆರಡು ಮಟ್ಟ ಇಳಿಸಿ. ಒಟ್ಟು ಐದು ಮಟ್ಟ, 32 ತುದಿ, ಒಡೆಯುವುದು ಇನ್ನೂ ಎರಡಾಗಿಯೇ. ಉತ್ತರ 2⁵. ಭಾಗಾಕಾರಕ್ಕೆ ಕೆಳಗಿನ ಮಟ್ಟಗಳನ್ನು ಅಳಿಸಿದರೆ ಸಾಕು.

ಈಗ ಒಂದೊಂದೇ ಮಟ್ಟ ಅಳಿಸುತ್ತಾ ಮೇಲಕ್ಕೆ ಬನ್ನಿ: 32, 16, 8, 4, 2. ಒಂದೂ ಮಟ್ಟ ಇಳಿಯದೆ ಇದ್ದರೆ ಉಳಿಯುವುದೇನು? ಮೊದಲಿಟ್ಟ ಆ ಒಂದು ಚುಕ್ಕಿ. 2⁰ = 1. ‘ಇದು ನಿಯಮ, ಬರೆದುಕೊಳ್ಳಿ’ ಎಂದು ಇದನ್ನು ಬಾಯಿಪಾಠ ಮಾಡಿಸುವುದು ಮಕ್ಕಳಿಗೆ ಮಾಡುವ ಅನ್ಯಾಯ. ಕಾರಣ ಅವರ ಪುಸ್ತಕದಲ್ಲೇ ಬಿಡಿಸಿಟ್ಟಿದೆ.

4. ವರ್ಗ ಮತ್ತು ಘನ

ಚೌಕುಳಿ ಹಾಳೆಯಲ್ಲಿ 5×5 ಬಣ್ಣ ತುಂಬಿಸಿ, ಮರದ ತುಂಡುಗಳಿಂದ 3×3×3 ಕಟ್ಟಿಸಿ. ಅಷ್ಟೇ. ಆದರೆ ಬಹಳ ಕಡೆ ಪಾಠ ಶುರುವಾಗುವುದೇ ಇಲ್ಲಿಂದ, ಅದು ನನಗೆ ಒಪ್ಪಿಗೆಯಿಲ್ಲ. ಘನದ ನಂತರ ನಾಲ್ಕನೆಯ ಘಾತಕ್ಕೆ ಕಟ್ಟಲು ಆಕಾರವೇ ಇಲ್ಲದೆ ಮಗು ದಾರಿ ಕಾಣದೆ ನಿಲ್ಲುತ್ತದೆ. ಕವಲು ಚಿತ್ರಕ್ಕೆ ಆ ಮಿತಿಯಿಲ್ಲ. ಅಗ್ಗದ ಸ್ಪಂಜಿನ ಘನಗಳನ್ನೂ ಕೊಳ್ಳಬೇಡಿ, ಅಳತೆ ಒಂದೇ ಸಮ ಇರದೆ ಗೋಪುರ ವಾಲುತ್ತದೆ.

5. ಋಣ ಘಾತಾಂಕ

ಎಂಟನೇ ತರಗತಿಯಲ್ಲಿ 2⁻³ ಬಂದಾಗ −8 ಅಥವಾ −6 ಎಂಬ ಉತ್ತರ ಬರುತ್ತದೆ. ಇಲ್ಲಿ ಕವಲು ಬಿಟ್ಟು ಪತ್ರಿಕೆಯ ಹಾಳೆ ಹಿಡಿಯಿರಿ. ನೆಲದ ಮೇಲೆ ಎಡದಿಂದ ಬಲಕ್ಕೆ ಎಂಟು ಹಾಳೆಯ ಗುಂಪು, ನಾಲ್ಕರದು, ಎರಡರದು, ನಂತರ ಒಂದೇ ಹಾಳೆ ಇಡಿ. ಅಡಿಯಲ್ಲಿ 2³, 2², 2¹, 2⁰ ಎಂದು ಬರೆಯಿರಿ. ಬಲಕ್ಕೆ ಸರಿದಂತೆ ಪ್ರತಿ ಸಲವೂ ಅರ್ಧವಾಗುತ್ತಿದೆ, ಘಾತಾಂಕ ಒಂದು ಕಡಿಮೆಯಾಗುತ್ತಿದೆ. ಇದನ್ನು ಮಕ್ಕಳೇ ಹೇಳಲಿ, ನೀವು ಬಾಯಿ ಬಿಡಬೇಡಿ.

ಮುಂದಿನ ಹೆಜ್ಜೆಗೆ ಹಾಳೆಯನ್ನು ಹರಿಯಲೇಬೇಕು. ಅರ್ಧ ಹಾಳೆ 2⁻¹, ಕಾಲು 2⁻², ಎಂಟನೇ ಒಂದು ಭಾಗ 2⁻³. ಚೂರು ಎಷ್ಟೇ ಚಿಕ್ಕದಾದರೂ ಕಾಗದ ಕೈಯಲ್ಲಿ ಇದ್ದೇ ಇದೆ, ಸೊನ್ನೆಗಿಂತ ಕೆಳಗೆ ಹೋಗಿಲ್ಲ. ಕತ್ತರಿ ಬೇಡ, ಮಡಿಸಿ ಗೆರೆ ಮೂಡಿಸಿ ಹರಿದರೆ ಭಾಗಗಳು ಸಮನಾಗಿ ಬರುತ್ತವೆ.

(−3)² ಮತ್ತು −3² ನಡುವಿನ ವ್ಯತ್ಯಾಸಕ್ಕೆ ಚಿತ್ರ ಹುಡುಕಬೇಡಿ. ಅದು ಆವರಣದ ವಿಷಯ, ಬರೆದೇ ತಿದ್ದಿಸಬೇಕು.

6. ದೊಡ್ಡ ಸಂಖ್ಯೆಗಳು

ಸ್ಥಾನಬೆಲೆ ಪಟ್ಟಿಯ ಬಿಡಿ, ಹತ್ತು, ನೂರು, ಸಾವಿರದ ಮೇಲೆ 10⁰, 10¹, 10², 10³ ಬರೆಸಿ. ಲಕ್ಷ 10⁵, ಕೋಟಿ 10⁷ ಎಂಬುದನ್ನು ಮಕ್ಕಳೇ ಕಂಡುಕೊಳ್ಳುತ್ತಾರೆ.

ಕಾಗದವನ್ನು ಮಡಿಸುತ್ತಾ ಚಂದ್ರನನ್ನು ಮುಟ್ಟುವ ಲೆಕ್ಕವನ್ನು ಇಲ್ಲಿಗೆ ಕಾದಿರಿಸಿ. 0.1 ಮಿಲಿಮೀಟರ್ ದಪ್ಪದ ಹಾಳೆಯನ್ನು 42 ಸಲ ಮಡಿಸಲು ಸಾಧ್ಯವಾದರೆ ದಪ್ಪ ಸುಮಾರು 4,40,000 ಕಿಲೋಮೀಟರ್ ಆಗುತ್ತದೆ. ಚಂದ್ರನಿರುವುದು ಸರಾಸರಿ 3,84,400 ಕಿಲೋಮೀಟರ್ ದೂರದಲ್ಲಿ. ಮೊದಲ ದಿನವೇ ಇದನ್ನು ಹೇಳಿದರೆ ಮಕ್ಕಳು ಬೆರಗಾಗುತ್ತಾರೆ, 2³ ಮಾತ್ರ ಆರಾಗಿಯೇ ಉಳಿಯುತ್ತದೆ.

ಕಲಿತರೋ ಇಲ್ಲವೋ ನೋಡಲು ಬೆಲೆ ಕೇಳಬೇಡಿ. 5⁰, 4² ಮತ್ತು 2⁴ ಇವುಗಳಿಗೆ ಕವಲು ಬಿಡಿಸಲು ಹೇಳಿ. ಕೊನೆಯ ಎರಡಕ್ಕೂ ಹದಿನಾರೇ ತುದಿ ಬಂದರೂ ಆಕಾರ ಬೇರೆ ಏಕೆ ಎಂದು ಮಗು ಬೆರಳಿಟ್ಟು ತೋರಿಸಿದರೆ ಅಭ್ಯಾಸದ ಲೆಕ್ಕಗಳಿಗೆ ಹೋಗಿ, ಇಲ್ಲವಾದರೆ ಎರಡನೆಯ ಹಂತಕ್ಕೆ ಮರಳಿ.