ಮೂರನೇ ಸಲ ನಿಂತ ಫ್ಯಾನು

ನಮ್ಮೂರಿನವರು ಅದನ್ನು ಫ್ಯಾನು ಅಂತಲೇ ಕರೆಯುತ್ತಾರೆ. ಗಾಳಿಯಂತ್ರ, ವಿಂಡ್ ಟರ್ಬೈನ್ ಅಂತ ನಾನೂ ನಾಲ್ಕು ದಿನ ತಿದ್ದಿ ನೋಡಿದೆ. "ಅಣ್ಣೋ, ಮನೇಲಿರೋ ಫ್ಯಾನು ಕರೆಂಟು ಕುಡಿದು ಗಾಳಿ ಬಿಡ್ತದೆ, ನಿಂದು ಗಾಳಿ ಕುಡಿದು ಕರೆಂಟು ಬಿಡ್ತದೆ, ಅಷ್ಟೇ ತಾನೆ?" ಅಂತ ಟೀ ಅಂಗಡಿಯಲ್ಲಿ ಒಬ್ಬ ಹುಡುಗ ಕೇಳಿದ ಮೇಲೆ ತಿದ್ದುವುದಕ್ಕೆ ಏನೂ ಉಳಿಯಲಿಲ್ಲ. ಈಗ ನಿಂತಿರುವುದು ಅದರ ಮೂರನೇ ಜನ್ಮ. ಮೊದಲನೆಯದು ತಿರುಗಲಿಲ್ಲ, ಎರಡನೆಯದು ನಿಲ್ಲಲಿಲ್ಲ.

ಪಾಂಡವಪುರದಲ್ಲಿ ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ಪಂಪ್‌ಸೆಟ್ಟು, ಸಬ್‌ಮರ್ಸಿಬಲ್ಲು, ಹಿಟ್ಟಿನ ಗಿರಣಿಯ ಮೋಟಾರು, ಸುಟ್ಟು ಬಂದದ್ದನ್ನೆಲ್ಲ ಬಿಚ್ಚಿ ಕಟ್ಟುವುದೇ ಕಸುಬು. ಹೊಲ, ತೋಟದ ಮನೆ ಇರುವುದು ಮೇಲುಕೋಟೆ ಕಡೆ, ನಾಲೆ ನೀರು ಹತ್ತದ ಮೇಲ್ಜಮೀನಿನಲ್ಲಿ. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿದ ಜಿಲ್ಲೆ ನಮ್ಮದು. ಆದರೂ ಗಾಳಿ ಜೋರಾಗಿ ಬೀಸಿದರೆ ನಮ್ಮ ತೋಟದ ಲೈನು ಹೋಗುತ್ತದೆ. ಚಾವಣಿ ಮೇಲೆ ಎರಡು ಸೋಲಾರ್ ಪ್ಯಾನೆಲ್ ಇದ್ದವು. ಆಷಾಢದಲ್ಲಿ ವಾರಗಟ್ಟಲೆ ಮೋಡ ಕವಿದರೆ ಅವೂ ಸಪ್ಪೆ. ಅದೇ ವಾರಗಳಲ್ಲಿ ಒಣಗಲು ಹಾಕಿದ ಪಂಚೆ ಪಕ್ಕದ ಹೊಲಕ್ಕೆ ಹಾರಿ ಹೋಗುವಷ್ಟು ಗಾಳಿ. ನಮ್ಮ ಕಡೆ ಮಕ್ಕಳು ಗಾಳಿಪಟ ಬಿಡುವುದು ಆಷಾಢದಲ್ಲೇ. ಅದು ಶಾಸ್ತ್ರವಲ್ಲ, ಗಾಳಿಯ ಲೆಕ್ಕ.

ಸ್ಕಾಟ್ಲೆಂಡಿನ ಸ್ಕೊರೇಗ್ ಅನ್ನುವ ಮೂಲೆಯಲ್ಲಿ ಹ್ಯೂ ಪಿಗಟ್ ಅನ್ನುವವರೊಬ್ಬರಿದ್ದಾರೆ. ಅವರೂರಿಗೆ ರಸ್ತೆಯಿಲ್ಲ, ದೋಣಿಯಲ್ಲಿ ಹೋಗಬೇಕು ಇಲ್ಲವೇ ನಡೆಯಬೇಕು. 1970ರ ದಶಕದಿಂದ ಅಲ್ಲಿ ತಮ್ಮ ಕೈಯಾರೆ ಗಾಳಿಯಂತ್ರ ಮಾಡಿಕೊಂಡು, ಹೇಗೆ ಮಾಡಿದೆ ಅಂತ ಲೋಕಕ್ಕೆಲ್ಲ ಹೇಳಿಕೊಟ್ಟವರು. ಮರದ ರೆಕ್ಕೆ, ಹಳೇ ಕಾರಿನ ಚಕ್ರದ ಹಬ್, ಎರಡು ಉಕ್ಕಿನ ತಟ್ಟೆಗೆ ಅಂಟಿಸಿದ ಮ್ಯಾಗ್ನೆಟ್ಟು, ನಡುವೆ ತಾಮ್ರದ ಕಾಯಿಲು. ಚಿತ್ರ ನೋಡಿದಾಗ ನನಗೆ ಅನ್ನಿಸಿದ್ದು ಒಂದೇ: ಇದರಲ್ಲಿ ಅರ್ಧ ಕೆಲಸ ನನ್ನ ಅಂಗಡಿಯಲ್ಲಿ ದಿನಾ ನಡೆಯುವುದೇ ಅಲ್ಲವೇ?

ರೆಡಿಮೇಡ್ ತರಬಹುದಿತ್ತು. ಪರಿಚಯದವರೊಬ್ಬರು ತಂದಿದ್ದರು, ಮೇಲೆ 1000 ವಾಟ್ ಅಂತ ಬರೆದಿತ್ತು, ರೆಕ್ಕೆಯ ಸುತ್ತು ನಮ್ಮ ಮಜ್ಜಿಗೆ ಕಡಗೋಲಿಗಿಂತ ಸ್ವಲ್ಪ ದೊಡ್ಡದು. ಗಾಳಿಯಂತ್ರದಲ್ಲಿ ವಾಟ್ ನೋಡಬಾರದು, ರೆಕ್ಕೆಯ ಅಗಲ ನೋಡಬೇಕು. ನನ್ನದು ತುದಿಯಿಂದ ತುದಿಗೆ 2.4 ಮೀಟರು, ಅಂದರೆ ಸುಮಾರು 4.5 ಚದರ ಮೀಟರು ಗಾಳಿ ಹಿಡಿಯುತ್ತದೆ. ಎಂಥ ಯಂತ್ರವೇ ಆಗಲಿ ಗಾಳಿಯ ಶಕ್ತಿಯಲ್ಲಿ ನೂರಕ್ಕೆ 59.3ಕ್ಕಿಂತ ಹೆಚ್ಚು ಕಸಿಯಲಾರದು, ಇದು ಜರ್ಮನಿಯ ಬೆಟ್ಜ್ ಹಾಕಿಕೊಟ್ಟ ಲೆಕ್ಕ. ಮನೆಯಲ್ಲಿ ಮಾಡಿದ್ದಕ್ಕೆ ಕಾಲು ಭಾಗ ಬ್ಯಾಟರಿಗೆ ಮುಟ್ಟಿದರೆ ದೊಡ್ಡದು. ಸೆಕೆಂಡಿಗೆ 3 ಮೀಟರಿನ ಗಾಳಿಯಲ್ಲಿ ನನಗೆ ಸಿಗುವುದು 16 ವಾಟ್, ಎರಡು ಎಲ್‌ಇಡಿ ಬಲ್ಬಿಗೆ ಸಾಕು. ಗಾಳಿ 6 ಮೀಟರಾದರೆ ದುಪ್ಪಟ್ಟಲ್ಲ, ಎಂಟು ಪಟ್ಟು. ಈ ಎಂಟು ಪಟ್ಟಿನಲ್ಲೇ ಆಸೆಯೂ ಇದೆ, ಅಪಾಯವೂ ಇದೆ.

ಕಾಯಿಲು ಸುತ್ತುವುದು ಕಷ್ಟವಾಗಲಿಲ್ಲ. ಒಂದೊಂದು ತಟ್ಟೆಗೆ 12 ನಿಯೋಡಿಮಿಯಂ ಮ್ಯಾಗ್ನೆಟ್ಟು, ನಡುವೆ ಒಂಬತ್ತು ಕಾಯಿಲು, ಫೇಸಿಗೆ ಮೂರರಂತೆ ಸ್ಟಾರ್ ಕನೆಕ್ಷನ್. ಮೋಟಾರಿನ ಹಾಗೆ ಕಾಯಿಲಿನೊಳಗೆ ಸ್ಟಾಂಪಿಂಗ್ ಅನ್ನುವ ತಗಡುಗಳಿಲ್ಲ, ಕಬ್ಬಿಣದ ಚೂರೂ ಇಲ್ಲ. ಹಾಗಾಗಿ ಮ್ಯಾಗ್ನೆಟ್ಟು ಎಲ್ಲೂ ತಡೆಯುವುದಿಲ್ಲ, ಸಣ್ಣ ಗಾಳಿಗೂ ತಿರುಗುತ್ತದೆ. ಕಾಯಿಲುಗಳನ್ನು ಅಚ್ಚಿನಲ್ಲಿಟ್ಟು ಪಾಲಿಯೆಸ್ಟರ್ ರೆಸಿನ್ ಸುರಿಯಬೇಕು, ರೆಸಿನ್ ಕಾದು ಬಿರುಕು ಬಿಡದಿರಲಿ ಅಂತ ಅದಕ್ಕೆ ಟಾಲ್ಕ್ ಪುಡಿ ಕಲಸಬೇಕು. ಪುಡಿ ಸಾಲದೆ ಮನೆಯವಳ ಫೇಸ್ ಪೌಡರ್ ಡಬ್ಬ ಖಾಲಿ ಮಾಡಿದ್ದು ನಿಜ. ಅದರ ಮಾತು ಇವತ್ತಿಗೂ ಬರುತ್ತಿರುತ್ತದೆ.

ಹುಷಾರಾಗಿರಬೇಕಾದದ್ದು ಮ್ಯಾಗ್ನೆಟ್ಟಿನ ಹತ್ತಿರ. 46 ಮಿಲಿಮೀಟರು ಉದ್ದ, 30 ಅಗಲ, 10 ದಪ್ಪದ ಬಿಲ್ಲೆ. ಮೇಜಿನ ಮೇಲೆ ಎರಡು ಬಿಲ್ಲೆ ಸ್ವಲ್ಪ ಹತ್ತಿರ ಬಂದರೂ ಒಂದಕ್ಕೊಂದು ಹಾರಿ ಕಚ್ಚಿಕೊಳ್ಳುತ್ತವೆ. ನಡುವೆ ಸಿಕ್ಕ ನನ್ನ ತೋರುಬೆರಳಿನ ಉಗುರು ದಸರಾಕ್ಕೆ ಕಪ್ಪಾದದ್ದು ಸಂಕ್ರಾಂತಿಗೆ ಬಿತ್ತು. ಎರಡು ತಟ್ಟೆಗಳನ್ನು ಎದುರುಬದುರು ತರುವಾಗ ಕೈಯಲ್ಲಿ ಹಿಡಿಯುವ ಮಾತೇ ಇಲ್ಲ, ಉದ್ದನೆಯ ಬೋಲ್ಟ್ ಹಾಕಿ ಸುತ್ತು ಸುತ್ತಾಗಿ ಇಳಿಸಬೇಕು.

ರೆಕ್ಕೆಗೆ ಮೊದಲು ಸಿಲ್ವರ್ ಓಕ್ ತಂದೆ. ಹಸಿ ಮರ, ಒಂದು ಬೇಸಿಗೆಗೇ ತಿರುಚಿಕೊಂಡಿತು. ಕೆಡವಿದ ತೊಟ್ಟಿಮನೆಯ ತೇಗದ ತೊಲೆ ಸಿಕ್ಕಿದ್ದು ಪುಣ್ಯ. ನಮ್ಮ ಆಚಾರ್ರು ಬಾಗಿಲುವಾಡಕ್ಕೆ ಹೆಸರಾದವರು. ಬುಡದಲ್ಲಿ ಅಗಲವಾಗಿ ವಾಲಿರಬೇಕು, ತುದಿಗೆ ಹೋಗುತ್ತಾ ಕಿರಿದಾಗಿ ಚಪ್ಪಟೆಯಾಗಬೇಕು ಅಂತ ನಾನು ಗೆರೆ ಎಳೆದು ಕೊಟ್ಟರೆ, ಬಾಚಿ ಕೆಳಗಿಟ್ಟು ನನ್ನನ್ನೇ ನೋಡಿದರು. "ಬಾಗ್ಲಾದ್ರೆ ಮಟ್ಟ ಇಟ್ಟು ನೋಡ್ಬೋದು. ಇದ್ರಲ್ಲಿ ಎಲ್ಲೂ ನೆಟ್ಟುಗೇ ಇಲ್ವಲ್ಲಪ್ಪ, ಮಟ್ಟ ಎಲ್ಲಿ ಇಡ್ಲಿ?" ಮೂರನೇ ರೆಕ್ಕೆಯ ಹೊತ್ತಿಗೆ ಕಣ್ಣಳತೆಯಲ್ಲೇ ಕೆತ್ತುತ್ತಿದ್ದರು.

ಮೊದಲ ಸಲ ನಿಲ್ಲಿಸಿದ್ದು ಮನೆ ಪಕ್ಕದಲ್ಲೇ, 12 ಮೀಟರಿನ ಕಂಬದ ಮೇಲೆ. ವೈರು ಉಳಿಯುತ್ತದೆ ಅನ್ನುವ ಜಿಪುಣತನ. ಮೂರು ಕಡೆ ತೆಂಗಿನ ತೋಟ. ಗಾಳಿ ತೆಂಗಿನ ಗರಿಗಳಲ್ಲಿ ಸಿಕ್ಕಿ ಸುಳಿಯಾಗಿ ಬರುತ್ತಿತ್ತು. ಫ್ಯಾನು ಒಮ್ಮೆ ಪಡುವಲಿಗೆ, ಒಮ್ಮೆ ಮೂಡಲಿಗೆ ಮುಖ ಹಾಕಿ ಕತ್ತು ಹೊರಳಿಸುತ್ತಿತ್ತೇ ಹೊರತು ರೆಕ್ಕೆ ನೆಟ್ಟಗೆ ಹತ್ತು ಸುತ್ತು ಬರಲಿಲ್ಲ. ಅಪ್ಪ ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕುತ್ತಾ, "ಲೋ ಮಗ, ಮರದ ತಲೆ ಅಲ್ಲಾಡ್ತಾ ಐತೆ, ನಿನ್ ಫ್ಯಾನಿಗೆ ಯಾರೂ ಹೇಳಿಲ್ವೇನ್ಲಾ?" ಅಂದ. ಸುತ್ತ ನೂರೈವತ್ತು ಮೀಟರಿನಲ್ಲಿ ಇರುವ ಎಲ್ಲಕ್ಕಿಂತ 9 ಮೀಟರು ಮೇಲೆ ರೆಕ್ಕೆ ಇರಬೇಕು ಅನ್ನುವುದು ಈ ಕಸುಬಿನಲ್ಲಿ ಎಲ್ಲರೂ ಹೇಳುವ ಮಾತು. ಓದಿದ್ದೆ. ನಂಬಿರಲಿಲ್ಲ.

ಮುಂದಿನ ವರ್ಷ ಹೊಲದ ದಿಣ್ಣೆಗೆ ಒಯ್ದೆ. ಆರಾರು ಮೀಟರಿನ ಮೂರು ಜಿಐ ಪೈಪು ಜೋಡಿಸಿ 18 ಮೀಟರು, ಮೂರು ಮಟ್ಟದಲ್ಲಿ ನಾಲ್ಕು ದಿಕ್ಕಿಗೂ ಕಂಬವನ್ನು ಎಳೆದು ಹಿಡಿಯುವ ಸ್ಟೇ ವೈರು. ಒಂದು ಅಡಿ ಕೆಂಪು ಗರಸು ಮಣ್ಣು, ಕೆಳಗೆ ಬಂಡೆ; ಬಂಡೆಗೇ ಡ್ರಿಲ್ ಹೊಡೆದು ಕಂಬಿ ಇಳಿಸಿ ಸಿಮೆಂಟು ತುಂಬಿದೆವು. ದಿಣ್ಣೆಯಿಂದ ಮನೆಗೆ ದೂರವಾದ್ದರಿಂದ 12 ವೋಲ್ಟ್ ಬಿಟ್ಟು ನಾಲ್ಕು ಟ್ಯೂಬ್ಯುಲರ್ ಬ್ಯಾಟರಿ ಸೇರಿಸಿ 48 ವೋಲ್ಟ್ ಮಾಡಿದೆ. ಅಷ್ಟೇ ವಾಟಿಗೆ ಕರೆಂಟು ಕಾಲು ಭಾಗ, ವೈರಿನಲ್ಲಿ ಬಿಸಿಯಾಗಿ ಹೋಗುವ ನಷ್ಟ ಹದಿನಾರನೇ ಒಂದು ಭಾಗ. ಈ ಸಲ ತಿರುಗಿತು. ಆ ಆಷಾಢದಲ್ಲಿ ನನ್ನ ಕಾಲು ನೆಲದ ಮೇಲಿರಲಿಲ್ಲ. ಇನ್ನೊಂದು ನೂರು ವಾಟ್ ಬಂದರೆ ಎಷ್ಟು ಚೆನ್ನ ಅನ್ನಿಸಿತು.

ಆ ನೂರು ವಾಟಿನ ಕಥೆ ಹೇಳಬೇಕಾದರೆ ಫ್ಯಾನಿನ ಹಿಂದಿರುವ ತಗಡಿನ ಬಾಲದ ಬಗ್ಗೆ ಹೇಳಬೇಕು. ಫ್ಯಾನಿನ ಮುಖ ಕಂಬದ ನೇರಕ್ಕೆ ಇರುವುದಿಲ್ಲ, ಸ್ವಲ್ಪ ಪಕ್ಕಕ್ಕಿರುತ್ತದೆ. ಗಾಳಿ ಒತ್ತಿದಷ್ಟೂ ಅದು ಮುಖ ತಿರುಗಿಸಿಕೊಳ್ಳಲು ನೋಡುತ್ತದೆ. ಬಾಲ ಅದನ್ನು ಹಿಡಿದು ನಿಲ್ಲಿಸುತ್ತದೆ. ಬಾಲದ ಕೀಲನ್ನು ಬೇಕಂತಲೇ ವಾರೆಯಾಗಿ ಕೂರಿಸಿರುತ್ತಾರೆ. ಹಳೇ ಮನೆಯಲ್ಲಿ ಬಾಗಿಲುವಾಡ ವಾಲಿದ್ದರೆ ಬಾಗಿಲು ತಾನಾಗೇ ಮುಚ್ಚಿಕೊಳ್ಳುವುದಿಲ್ಲವೇ, ಹಾಗೆ. ಗಾಳಿ ಮಿತಿ ಮೀರಿದಾಗ ಬಾಲ ಮೇಲೆದ್ದು ಮಡಚಿಕೊಳ್ಳುತ್ತದೆ, ಫ್ಯಾನು ಗಾಳಿಗೆ ಮುಖ ಕೊಡದೆ ಓರೆಯಾಗುತ್ತದೆ. ಗಾಳಿ ತಗ್ಗಿದರೆ ಬಾಲ ತನ್ನ ಭಾರಕ್ಕೇ ಇಳಿದು ಮತ್ತೆ ಎದುರು ತಿರುಗಿಸುತ್ತದೆ. ಸ್ಪ್ರಿಂಗಿಲ್ಲ, ಸರ್ಕ್ಯೂಟಿಲ್ಲ. ಬಾಲ ಭಾರವಾದರೆ ತಡವಾಗಿ ಮಡಚುತ್ತದೆ, ಕರೆಂಟು ಹೆಚ್ಚು ಬರುತ್ತದೆ. ನಾನು ಲೇತ್ ಅಂಗಡಿಗೆ ಹೋಗಿ ಬಾಲಕ್ಕೆ ಒಂದು ಕಬ್ಬಿಣದ ತುಂಡು ಬೆಸೆಸಿಕೊಂಡು ಬಂದೆ.

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತಾರೆ. ಆ ವರ್ಷ ಭರಣಿ ಬಂತು, ಮೇ ತಿಂಗಳ ಒಂದು ಸಂಜೆ, ಗುಡುಗಿನ ಜೊತೆ. ಆಷಾಢದ ಗಾಳಿ ಒಂದೇ ದಿಕ್ಕಿನಿಂದ ಹದವಾಗಿ ಬೀಸುತ್ತದೆ, ಅದಕ್ಕೆ ನಾನು ಹೆದರುವುದಿಲ್ಲ. ಭರಣಿಯದು ಹಾಗಲ್ಲ, ಒಂದು ಗಳಿಗೆ ಉಸಿರೇ ಇಲ್ಲ, ಮರುಗಳಿಗೆ ಹೆಂಚು ಹಾರುತ್ತದೆ. ದಿಣ್ಣೆಯ ಕಡೆಯಿಂದ ಹೆಲಿಕಾಪ್ಟರಿನ ಸದ್ದು. ಓಡಿಹೋಗಿ ಬ್ರೇಕ್ ಸ್ವಿಚ್ ಹಾಕಿದೆ. ಮೂರೂ ಫೇಸನ್ನು ಶಾರ್ಟ್ ಮಾಡಿದರೆ ಫ್ಯಾನು ನಿಲ್ಲಬೇಕು. ಸಣ್ಣ ಗಾಳಿಯಲ್ಲಿ ನಿಲ್ಲುತ್ತಿತ್ತು. ಅವತ್ತು ಸದ್ದು ಒಂದು ಕ್ಷಣ ತಗ್ಗಿ ಮತ್ತೆ ಏರಿತು. ಸ್ಟೇ ವೈರುಗಳು ತಂಬೂರಿಯ ತಂತಿಯಂತೆ ಝೇಂಕರಿಸಿದವು. ಆಮೇಲೆ ಮರ ಸೀಳಿದ ಸದ್ದು, ಕಂಬ ಗಡಗಡ ನಡುಗಿದ್ದು, ಆಮೇಲೆ ಮಳೆಯ ಸದ್ದು ಮಾತ್ರ.

ಬೆಳಿಗ್ಗೆ ಪಕ್ಕದ ಹೊಲದ ಅಜ್ಜಿ ಬದುವಿನ ಮೇಲೆ ನಿಂತು ಕೂಗಿದಳು: "ಬಾರಪ್ಪೋ, ನಿನ್ ರೆಕ್ಕೆ ನಮ್ ಎಳ್ಳಲ್ಲಿ ಮಲಗೈತೆ." ಕಂಬದ ಬುಡದಿಂದ ಅರವತ್ತು ಹೆಜ್ಜೆ ಎಣಿಸಿದೆ. ಹದವಾದ ಗಾಳಿಯಲ್ಲೇ ಈ ರೆಕ್ಕೆಯ ತುದಿ ಗಂಟೆಗೆ 170 ಕಿಲೋಮೀಟರು ಓಡುತ್ತದೆ, ಅವತ್ತು ಎಷ್ಟಿತ್ತೋ. ಸಂಜೆ ಅಜ್ಜಿ ಅಲ್ಲಿ ಕಳೆ ಕೀಳುತ್ತಾ ಕೂತಿದ್ದಿದ್ದರೆ ಅನ್ನುವ ಯೋಚನೆ ಬಂದಾಗಲೆಲ್ಲ ಈಗಲೂ ಕೈ ತಣ್ಣಗಾಗುತ್ತದೆ.

ಕಂಬ ಇಳಿಸಿ ನೋಡಿದರೆ ಸ್ಟೇಟರ್, ಅಂದರೆ ರೆಸಿನ್ ಸುರಿದು ಕೂರಿಸಿದ ಕಾಯಿಲುಗಳ ತಟ್ಟೆ, ಕಪ್ಪಾಗಿ ಉಬ್ಬಿತ್ತು. ಸುಟ್ಟ ವಾರ್ನಿಷಿನ ವಾಸನೆ ನನ್ನ ಮೂಗಿಗೆ ಹೊಸದಲ್ಲ, ಆದರೆ ನಾನೇ ಸುತ್ತಿದ ಕಾಯಿಲಿನಿಂದ ಬಂದದ್ದು ಅದೇ ಮೊದಲು. ಮೂಲ ಕಾರಣ ಸಿಕ್ಕಿದ್ದು ಮೇಲಲ್ಲ, ಮನೆಯೊಳಗೆ. ಬ್ಯಾಟರಿಗೆ ವೈರು ಹಿಡಿಸುವ ಒಂದು ಲಗ್ಗಿಗೆ ಬಿಳಿ ಹಕ್ಕಳೆ ಕಟ್ಟಿತ್ತು, ಕೈಯಿಂದ ಎಳೆದರೆ ಬಂತು. ಸೋಲಾರ್ ಪ್ಯಾನೆಲ್ಲಿನ ವೈರು ಕಳಚಿದರೆ ಏನೂ ಆಗದು. ಗಾಳಿಯಂತ್ರಕ್ಕೆ ಲೋಡು, ಅಂದರೆ ಕರೆಂಟು ಎಳೆಯುವ ಬ್ಯಾಟರಿ, ತಪ್ಪಿತೋ, ನೊಗ ಕಳಚಿದ ಎತ್ತು ಇಳಿಜಾರಿನಲ್ಲಿ ಓಡಿದ ಹಾಗೆ. ಅದು ಓಡುವಾಗ ಮಡಚಬೇಕಾದ ಬಾಲಕ್ಕೆ ನಾನು ಕಬ್ಬಿಣ ಹೊರಿಸಿದ್ದೆ.

ಮೂರನೇ ಸಲ ಮಾಡಿದ್ದು ಒಂದು ರೀತಿಯಲ್ಲಿ ಹೆಚ್ಚು ದುರ್ಬಲ ಯಂತ್ರ. ಆ ತುಂಡು ಕತ್ತರಿಸಿ ತೆಗೆದೆ, ಬಾಲದ ತಗಡನ್ನೂ ತೆಳು ಮಾಡಿದೆ. 300 ವಾಟ್ ಮುಟ್ಟುವ ಹೊತ್ತಿಗೆ ಬಾಲ ಏಳಲು ಶುರು ಮಾಡುತ್ತದೆ. ಜೋರು ಗಾಳಿಯಲ್ಲಿ ನೋಡಲು ಬಂದವರು "ಇಷ್ಟೊಂದು ಗಾಳಿ ಐತೆ, ಯಾಕಣ್ಣ ಹಿಂಗ್ ಸೊಟ್ಟಗೆ ನಿಂತೈತೆ?" ಅಂತ ಕೇಳಿದರೆ ನನಗೆ ಈಗ ಖುಷಿ. ಬ್ಯಾಟರಿ ತುಂಬಿದಾಗ ಫ್ಯಾನನ್ನು ಬಿಡಿಸುವ ಬದಲು ಕರೆಂಟನ್ನು ಬೇರೆ ಕಡೆ ತಿರುಗಿಸುವ ಕಂಟ್ರೋಲರ್ ಹಾಕಿದೆ. ಅದಕ್ಕೆ ಅಂಗಡಿಯಲ್ಲಿ ಬಿದ್ದಿದ್ದ ಹಳೇ ಹೀಟರ್ ಕಾಯಿಲುಗಳೇ ಸಾಕಾದವು. 230 ವೋಲ್ಟಿಗೆ 1500 ವಾಟ್ ಎಳೆಯುವ ಕಾಯಿಲು 56 ವೋಲ್ಟಿಗೆ ಎಳೆಯುವುದು ಬರೀ 90 ವಾಟ್. ನಾಲ್ಕನ್ನು ಪ್ಯಾರಲಲ್ ಕೊಟ್ಟು ಹಂಡೆಗೆ ಇಳಿಬಿಟ್ಟೆ. ಆಷಾಢದಲ್ಲಿ ಅಪ್ಪನ ಸ್ನಾನಕ್ಕೆ ನೀರು ಬೆಚ್ಚಗಾದರೆ ಬ್ಯಾಟರಿ ತುಂಬಿದೆ ಅಂತ ಲೆಕ್ಕ.

ದುಡ್ಡಿನ ವಿಷಯ ಮುಚ್ಚಿಡುವುದಿಲ್ಲ. ಬ್ಯಾಟರಿ ಬಿಟ್ಟು ಲಕ್ಷ ದಾಟಿತು, ಸುಟ್ಟದ್ದನ್ನು ಸೇರಿಸಿದರೆ ಇನ್ನೂ ಮೇಲೆ. ಆಷಾಢ, ಶ್ರಾವಣದಲ್ಲಿ ಒಳ್ಳೇ ದಿನ ಎರಡು, ಎರಡೂವರೆ ಯೂನಿಟ್ ಬರುತ್ತದೆ. ಕಾರ್ತೀಕದ ಹೊತ್ತಿಗೆ ಅರ್ಧ ಯೂನಿಟ್ ಬಂದರೆ ಬಂತು. ಅದೇ ದುಡ್ಡಿಗೆ ಸೋಲಾರ್ ಪ್ಯಾನೆಲ್ ಹಾಕಿಸಿದ್ದರೆ ವರ್ಷದ ಮೇಲೆ ಇದಕ್ಕಿಂತ ಹೆಚ್ಚು ಸಿಗುತ್ತಿತ್ತು. ಅಂಗಡಿಗೆ ಬಂದು ಕೇಳುವವರಿಗೆ ಹಾಗೇ ಹೇಳುತ್ತೇನೆ. ಸ್ಪ್ಯಾನರ್ ಹಿಡಿಯುವ ಅಭ್ಯಾಸವಿಲ್ಲದವರಿಗೆ, ಊರೊಳಗೆ ಮನೆ ಇರುವವರಿಗೆ ಇದು ಬೇಡವೇ ಬೇಡ. ಮೋಡದ ದಿನಗಳಿಗೆ ಸೋಲಾರಿನ ಜೊತೆಗಾರನಾಗಿ, ದಿಣ್ಣೆಯ ಮೇಲೆ ಬಯಲು ಜಾಗ ಇದ್ದರೆ ಮಾತ್ರ ನೋಡಿ.

ಪ್ರತಿ ವರ್ಷ ಯುಗಾದಿ ಕಳೆದ ಮೇಲೆ, ಭರಣಿಗೆ ಮೊದಲೇ, ಒಂದು ಭಾನುವಾರ ಕಂಬ ಇಳಿಸುತ್ತೇವೆ. ಕಂಬದ ಬುಡದಲ್ಲಿ ಕೀಲು ಇದೆ, ಕೈ ವಿಂಚಿನಲ್ಲಿ ಹಲ್ಲು ಹಲ್ಲಾಗಿ ಬಿಟ್ಟರೆ ನಿಧಾನವಾಗಿ ಮಲಗುತ್ತದೆ. ಟ್ರ್ಯಾಕ್ಟರಿಗೆ ಕಟ್ಟಿ ಎಳೆದರೆ ಬೇಗ ಆಗುತ್ತದೆ ಅನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಒಂದು ಜಗ್ಗಿಗೆ ಪೈಪು ಬಾಗುತ್ತದೆ. ರೆಕ್ಕೆಯ ಅಂಚಿಗೆ ಮಳೆ ಧೂಳು ಹೊಡೆದು ಸವೆದಿದ್ದರೆ ಹೊಸ ಟೇಪು, ಮೇಲೆ ಅಗಸೆ ಎಣ್ಣೆ. ಮ್ಯಾಗ್ನೆಟ್ಟಿನ ಮೂಲೆಯಲ್ಲಿ ತುಕ್ಕು ಉಬ್ಬಿದೆಯೇ ನೋಡಬೇಕು, ಉಬ್ಬಿದರೆ ಸ್ಟೇಟರ್ ಉಜ್ಜುತ್ತದೆ. ಹಬ್ಬಿಗೆ ಗ್ರೀಸು, ಸ್ಟೇ ವೈರಿನ ಕ್ಲಾಂಪುಗಳಿಗೆ ಒಂದು ಸುತ್ತು, ಬ್ಯಾಟರಿ ಲಗ್ಗುಗಳಿಗೆ ಬಿಸಿನೀರು, ಮೇಲೆ ವ್ಯಾಸಲೀನು.

ಈ ಸಲ ಇಳಿಸಿದಾಗ ಎಲ್ಲ ಸರಿಯಿತ್ತು. ಬಾಲವನ್ನು ಕೈಯಲ್ಲಿ ಎತ್ತಿ ನೋಡಿದೆ, ಅರ್ಧಕ್ಕೆ ನಿಂತಿತು. ಬಗ್ಗಿ ನೋಡಿದರೆ ಕೀಲಿನ ಸಂದಿಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿದೆ, ಕಲ್ಲಿನಷ್ಟು ಗಟ್ಟಿ. ಹೀಗೇ ಬಿಟ್ಟಿದ್ದರೆ ಮುಂದಿನ ಭರಣಿಯಲ್ಲಿ ಬಾಲ ಏಳುತ್ತಿರಲಿಲ್ಲ. ಸೈಕಲ್ ಕಡ್ಡಿಯಿಂದ ಒಂದೊಂದು ಚೂರಾಗಿ ಕೆದಕಿ ತೆಗೆದು ಗ್ರೀಸು ತುಂಬಿದೆ. ಅಪ್ಪ ಪಕ್ಕದಲ್ಲಿ ನಿಂತು ನೋಡಿದ. "ಸ್ವಲ್ಪ ತಡಿ, ಒಳಗೆ ಮರಿ ಐತೇನೋ ನೋಡು" ಅಂದ. ಇರಲಿಲ್ಲ, ಹಾರಿಹೋಗಿದ್ದವು.